ಹದಿಮೂರನೇ ತುಂಡು

ಗುತ್ತಲು ರಸ್ತೆಯ ನಮ್ಮ ಅಂಗಡಿಯಲ್ಲಿ
ಹಗಲೆಲ್ಲ ಹೆಸರು ಕೊರೆಯುತ್ತೇವೆ:
ಡಾಕ್ಟರ ಬಾಗಿಲಿಗೆ, ಹೊಸ ಮನೆಯ ಗೇಟಿಗೆ,
ಕಬಡ್ಡಿ ಗೆದ್ದವರ ಕಪ್ಪಿಗೆ, ಸೋತವರ ಕಪ್ಪಿಗೂ.
ರಾತ್ರಿ ಎಂಟಕ್ಕೆ ಪುಟ್ಟಸ್ವಾಮಣ್ಣ ಶಟರು ಅರ್ಧ ಎಳೆದು
"ಚೂರುಪಾರೆಲ್ಲ ನಿಂದೇ ಕಣವ್ವ, ಕರೆಂಟು ಮಾತ್ರ ನೋಡ್ಕೊ"
ಅಂದು ಸ್ಕೂಟರು ಒದೆಯುತ್ತಾನೆ.
ಆಮೇಲೆ ಯಂತ್ರ ನನ್ನದು.

ಮೂರು ಮಿಲಿಮೀಟರಿನ ಪ್ಲೈವುಡ್ಡು,
ಯಾರದೋ ನಾಮಫಲಕದ ಪಕ್ಕೆಯಲ್ಲಿ ಉಳಿದದ್ದು.
ಹೊಗೆಯ ಕಲೆ ಕೂರದ ಹಾಗೆ
ಮೇಲೆ ಕಾಗದದ ಟೇಪು ಅಂಟಿಸುತ್ತೇನೆ.
ಮುಚ್ಚಳ ಹಾಕಿದರೆ ಒಳಗೆ
ಸಾಸಿವೆಗಿಂತ ಸಣ್ಣ ಬೆಳಕೊಂದು
ಗೆರೆ ಹಿಡಿದು ಹೊರಡುತ್ತದೆ,
ಅವಸರವೇ ಇಲ್ಲ ಅದಕ್ಕೆ.

ಎದುರು ಬೇಕರಿಯ ಹುಡುಗ ಮೂಗು ಚಾಚಿ ಕೇಳುತ್ತಾನೆ
"ಅಕ್ಕಾ, ಬೆಲ್ಲ ಹತ್ತಿಸಿಬಿಟ್ರಾ?"
ಈ ಊರಲ್ಲಿ ಏನು ಸೀದರೂ
ಮೊದಲು ನೆನಪಾಗುವುದು ಆಲೆಮನೆಯ ಕೊಪ್ಪರಿಗೆ.

ಮೊದಮೊದಲು ತುಂಡುಗಳೆಲ್ಲ ಸಡಿಲ.
ಎತ್ತಿದರೆ ಸಾಕು, ಸುರಿಯುತ್ತಿದ್ದವು.
ತಿಂಗಳು ಹಿಡಿಯಿತು ನನಗೆ ತಿಳಿಯಲು:
ಗೆರೆಗೆ ದಪ್ಪವಿಲ್ಲ ಅಂದುಕೊಂಡವಳು ನಾನು,
ಬೆಂಕಿಗೆ ಹೊಟ್ಟೆಯಿದೆ.
ಹಾದಲ್ಲೆಲ್ಲ ಒಂದು ಕೂದಲೆಳೆ ತಿಂದೇ ಹೋಗುತ್ತದೆ.
ಈಗ ಅದರ ಪಾಲು ಮೊದಲೇ ಎತ್ತಿಟ್ಟು
ತುಂಡನ್ನು ತುಸು ದೊಡ್ಡದು ಬರೆಯುತ್ತೇನೆ,
ನೆಂಟರು ಬರುವ ದಿನ
ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿದಂತೆ.

ಹನ್ನೆರಡು ತುಂಡು, ಅಂಗೈಯಗಲ.
ಮಾರುವುದಿಲ್ಲ.
ಟೈಲರ್ ಜುಬೇದಾಗೆ ಕತ್ತರಿಯ ಚಿತ್ರ ಕೊಟ್ಟೆ.
ಅವಳು ಜೋಡಿಸಲೇ ಇಲ್ಲ, ಗುಂಡಿಯ ಡಬ್ಬಿಗೆ ಸುರಿದುಕೊಂಡು
"ಕೋಟಿಗೆ ಚೆನ್ನಾಗಿ ಒಪ್ಪುತ್ತೆ" ಅಂದಳು.
ಮಿಮ್ಸ್ ಆಸ್ಪತ್ರೆಯ ಫಿಲೋಮಿನಾಗೆ ಮಲಗಿದ ಬೆಕ್ಕು,
ರಾತ್ರಿಪಾಳಿಯಲ್ಲಿ ಅವಳ ಬದಲು ಅದಾದರೂ ನಿದ್ದೆ ಮಾಡಲಿ ಅಂತ.
ಎರಡನೇ ಸಲ ಚಟ್ನಿ ಕೇಳಿದರೆ ಸಿಡುಕುವ ಹೋಟೆಲಿನ ನಿಂಗರಾಜನಿಗೆ
ಬಟ್ಟಲು ತುಂಬ ಚಟ್ನಿ, ಬದಿಯಲ್ಲಿ ಒಂದೇ ಇಡ್ಲಿ.
ಗಲ್ಲಾಪೆಟ್ಟಿಗೆಯ ಮೇಲಿಟ್ಟಿದ್ದಾನೆ. ಸಿಡುಕುವುದು ಬಿಟ್ಟಿಲ್ಲ.

ಮಹಡಿ ಮನೆಯ ರಾಜಮ್ಮಣ್ಣಿಯ ಅಪ್ಪ
ಹೊಳಲಿನ ಕಡೆ ನೀರುಗಂಟಿಯಾಗಿದ್ದವರು.
ಅವರಿಗೆ ನಾಲೆ ಕೊರೆದುಕೊಟ್ಟೆ:
ತೂಬು, ಭತ್ತದ ಮಡಿ, ಬದುವಿನ ಮೇಲೆ ಬೆಳ್ಳಕ್ಕಿ.
ಕನ್ನಡಕ ಏರಿಸಿ ನೋಡಿ
"ತೂಬು ಎಡಕ್ಕಿರಬೇಕಿತ್ತು" ಅಂದರು, ಬೇರೇನೂ ಇಲ್ಲ.

ಯುಗಾದಿ ಕಳೆದು ಒಂದು ಸಂಜೆ
ಸೆರಗಿನಲ್ಲಿ ಹನ್ನೊಂದು ತುಂಡು ಕಟ್ಟಿಕೊಂಡು ಇಳಿದು ಬಂದರು.
"ಬೆಳ್ಳಕ್ಕಿ ಹಾರಿಹೋಯ್ತು ಕಣೆ."
ಅದೇ ಗೆರೆ, ಅದೇ ಬೆಂಕಿ,
ಮರ ಮಾತ್ರ ಬೇರೆ ಫಲಕದ್ದು, ತುಸು ಕೆಂಪು.
ಕೂತಿತು, ಆದರೆ ಕಣ್ಣಿಗೆ ಚುಚ್ಚುತ್ತಿತ್ತು.
"ಇನ್ನೊಂದು ಮಾಡ್ತೀನಿ" ಅಂದೆ.
"ಬೇಡ ಬಿಡು. ಇದು ಆಚೆ ಊರಿನ ಹಕ್ಕಿ,
ಗದ್ದೆಗೇನು ಗೊತ್ತಾಗ್ತದೆ?"

ನಿನ್ನೆ ರಾಗಿ ಜರಡಿ ಹಿಡಿಯುವಾಗ
ಹಳೆಯದು ಸಿಕ್ಕಿತಂತೆ, ರೆಕ್ಕೆಯ ಸಂದಿಗೆಲ್ಲ ಹಿಟ್ಟು ಮೆತ್ತಿಕೊಂಡು.
ಈಗ ಒಂದು ಗುಳಿ, ಎರಡು ಹಕ್ಕಿ.
ಬೆಳಿಗ್ಗೆ ಒಂದನ್ನು ಇಳಿಸುತ್ತಾರೆ, ಸಂಜೆಗೆ ಇನ್ನೊಂದನ್ನು.
ಸರದಿ ಇಲ್ಲದ್ದು ಕಿಟಕಿಯ ಕಂಬಿಯ ಹತ್ತಿರ,
ಕಾಫಿ ಲೋಟದ ಪಕ್ಕ.

"ದಿನವೂ ಬೋರ್ಡು ಬರೀತೀಯಲ್ಲ,
ಹೊರಗೆ ಕೂತಿರೋದಕ್ಕೆ ಏನಂತ ಬರೀತೀಯ?"
ಅಂತ ಕೇಳಿದರು ಮೆಟ್ಟಿಲ ಮೇಲಿಂದ.

ಹೊಳೆಯಲಿಲ್ಲ.
ಕರೆಂಟು ಹೋಗಿತ್ತು, ಯಂತ್ರದಲ್ಲಿ ಯಾರದೋ ಮೀನು
ಬಾಲವಿಲ್ಲದೆ ನಿಂತಿತ್ತು.
ಫೋನಿನ ಬೆಳಕಲ್ಲಿ ಟೇಪು ಸುಲಿಯುತ್ತ ಕೂತೆ,
ಉಗುರ ತುಂಬ ಮಸಿ.