ಹೊಂದಿಸಿ ಬರೆಯಿರಿ

ಏಳನೇ ತರಗತಿ, ನಾಲ್ಕು ಅಂಕದ ಪ್ರಶ್ನೆ.
ಯಾನಾ ನದಿ ಕಲ್ಲಾಗಿ ಮಲಗಿದೆ.
ಹೊರಗೆ ಐವತ್ತೆರಡು; ಸೊನ್ನೆಗಿಂತ ಕೆಳಗೆಂದು
ನಮ್ಮಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.
ಪ್ರಿಂಟರಿನ ಶಾಯಿ ಸೆಟೆದುಕೊಂಡದ್ದಕ್ಕೆ
ಹನ್ನೊಂದು ಮಕ್ಕಳಿಗೆ ಹನ್ನೊಂದು ಹಾಳೆ
ಕೈಯಲ್ಲೇ ಬರೆದೆ, ಕೈಗವಸು ಕಳಚದೆ.

ಎಡಕ್ಕೆ, ಎಂದೂ ಇಲ್ಲದವು.
ಬಲಕ್ಕೆ, ಎಂದೋ ಇದ್ದವು.
ಗೆರೆ ಎಳೆಯಿರಿ. ಸ್ಕೇಲು ಬಳಸಿ.

ಒಕ್ಕಣ್ಣ ರಾಕ್ಷಸ ಎಲ್ಲರಿಗೂ ಸಲೀಸು:
ಬೆಚ್ಚನೆಯ ಕಡಲಿನ ದ್ವೀಪವೊಂದರ ಗವಿಯಲ್ಲಿ
ಕರುವಿನೆತ್ತರದ ಆನೆಯ ಬುರುಡೆ ಸಿಕ್ಕಿತು ಯಾರಿಗೋ,
ಹಣೆಯ ನಡುವೆ ದೊಡ್ಡ ತೂತು.
ಸೊಂಡಿಲು ಕಂಡವನಲ್ಲ ಪಾಪ,
ಕಣ್ಣು ಅಂದುಕೊಂಡ.
ನಾನಾಗಿದ್ದರೂ ಅದನ್ನೇ ಅಂದುಕೊಂಡು ಓಡುತ್ತಿದ್ದೆ.

ಗೋಬಿಯ ಮರಳಲ್ಲಿ ಬಂಗಾರ ಕಾಯುವ
ಹದ್ದುಮೂತಿಯ ಸಿಂಹಕ್ಕೆ
ಕೊಕ್ಕಿದ್ದ ನಾಲ್ಕು ಕಾಲಿನ ಡೈನೋಸಾರು.
ಇದರಲ್ಲಿ ವಿದ್ವಾಂಸರಿಗೇ ಜಗಳವಿದೆ.
ಇರಲಿ, ಅಂಕ ಕೊಡುತ್ತೇನೆ.

ಮೂರನೆಯದು ದೈತ್ಯ ಹಕ್ಕಿ. ಅದು ನಮ್ಮದು.
ಅದರ ಉಗುರು ನಮ್ಮ ಮನೆಯಲ್ಲೇ ಇತ್ತು,
ಹಿಟ್ಟಿನ ಡಬ್ಬದ ಹಿಂದೆ, ಅರಿವೆ ಸುತ್ತಿ,
ಮೊಳದುದ್ದ, ಕುಡುಗೋಲಿನ ಹಾಗೆ ಬಾಗಿದ್ದು.
ಎಬೆ, ಅಂದರೆ ನನ್ನಜ್ಜಿ, ಹೇಳುತ್ತಿದ್ದಳು:
ಅವಳ ಅಜ್ಜ ಅದರದೊಂದು ಸೀಳನ್ನು ಬಿಲ್ಲಿಗೆ ಬಿಗಿದಿದ್ದನಂತೆ,
ಬಾಣಕ್ಕೆ ಹಾರುವ ನೆನಪು ಬರಲೆಂದು.
ಒಂದು ಬೇಸಿಗೆ ಊರಿಗೆ ಬಂದ ವಿಜ್ಞಾನಿ
ಅದನ್ನು ತಿರುವಿ, ಮೂಸಿ, ಅಳೆದು
'ಉಣ್ಣೆ ಹೊದ್ದ ಖಡ್ಗಮೃಗದ ಕೊಂಬು' ಎಂದ.
ಎಬೆ ತಲೆಯಾಡಿಸಿದಳು, ಚಹಾ ಕೊಟ್ಟಳು,
ಇನ್ನೊಂದು ಲೋಟವನ್ನೂ ಕೊಟ್ಟಳು.
ಅವನು ಹೋದ ಮೇಲೆ ಅಂದಳು,
'ಹಕ್ಕಿ ಕಂಡವನಲ್ಲ ಪಾಪ.'

ಕೊನೆಯದು, ನೆಲದೊಳಗಿನ ಮೃಗ.
ಹೆಪ್ಪುಮಣ್ಣಿನಡಿ ಕೊಂಬಿನಿಂದ ದಾರಿ ಕೊರೆಯುತ್ತ ನಡೆಯುತ್ತದೆ,
ಮೈ ಕೊಡವಿದರೆ ಮೇಲೆ ನದಿಯ ಮಂಜುಗಡ್ಡೆ ಬಿರಿಯುತ್ತದೆ,
ಬೆಳಕು ಕಂಡ ಗಳಿಗೆಗೆ ಸಾಯುತ್ತದೆ.
ಅದಕ್ಕೇ ದಂಡೆ ಕುಸಿದಲ್ಲಿ ಸಿಕ್ಕುವುದೆಲ್ಲ ಸತ್ತದ್ದೇ,
ಜೀವಂತ ಕಂಡವರಿಲ್ಲ.
ಎಂಥ ತರ್ಕ! ಎಲ್ಲೂ ಬಿರುಕಿಲ್ಲ.
ಉತ್ತರ: ಮ್ಯಾಮತ್.
ಹತ್ತು ಹಾಳೆಗಳಲ್ಲೂ ಅದೇ.

ಎರ್ಚಿಮನ ಹಾಳೆಯಲ್ಲಿ ಗೆರೆ
ಮ್ಯಾಮತ್ತಿನ ಪಕ್ಕದಲ್ಲೇ ಹಾದು, ಕೆಳಗಿಳಿದು,
ನಾನು ಬರೆಯದ ಐದನೆಯ ಸಾಲಿಗೆ ಹೋಗಿ ನಿಂತಿದೆ.
ಅಲ್ಲಿ ಅವನದೇ ಅಕ್ಷರ:
ಅಪ್ಪ.

ಸ್ಕೇಲು ಬಳಸಿದ್ದಾನೆ.

ಮೇ ತಿಂಗಳಲ್ಲಿ ಹೋದವನು ಆಯ್ತಾಲ್,
ಇಬ್ಬರು ಜೊತೆಗಾರರು, ಬೆಂಕಿ ಆರಿಸುವ ಹಳೆಯದೊಂದು ಪಂಪು.
ನದಿಯ ನೀರನ್ನೇ ದಂಡೆಗೆ ಗುರಿಯಿಟ್ಟು ಹಾಯಿಸಿ
ದಂತಕ್ಕಾಗಿ ಬಿಲ ತೋಡುವ ಕೆಲಸ.
ಒಳಗೆ ನೆಟ್ಟಗೆ ನಿಲ್ಲಲಾಗುವುದಿಲ್ಲ,
ಸೂರು ಹನಿಯುತ್ತಲೇ ಇರುತ್ತದೆ ಎನ್ನುತ್ತಾರೆ.
ಸೆಪ್ಟೆಂಬರಿನಲ್ಲಿ ಪಂಪು ಬಂತು. ಇಬ್ಬರು ಬಂದರು.
ಅವನ ಪಾಲಿನ ದಂತವನ್ನು ಆ ಮನೆಯ ಹೊಸ್ತಿಲಲ್ಲಿಟ್ಟು
ಟೋಪಿ ಕೈಯಲ್ಲಿ ಹಿಡಿದು ನಿಂತರು.
ಎರ್ಚಿಮನ ತಾಯಿ ಅದನ್ನಿನ್ನೂ ಮಾರಿಲ್ಲ.
ಸೌದೆ ಕೊಟ್ಟಿಗೆಯಲ್ಲಿ ಅದರ ಮೇಲೆ
ತೊಳೆದ ಕಾಲುಚೀಲ ಒಣಹಾಕುತ್ತಾಳೆ.

ಪಾಠ ಮುಗಿದ ಮೇಲೆ ಮೇಜಿನ ಹತ್ತಿರ ಬಂದ,
ಬೂಟಿನ ತುದಿ ನೋಡುತ್ತ ಕೇಳಿದ:
'ಟೀಚರ್, ಬೆಳಕು ಕಂಡರೆ ಸಾಯುತ್ತದೆ ಅಂದರೆ
ಒಳಗೇ ಇದ್ದರೆ ಸಾಯಲ್ಲ ಅಲ್ವಾ?'

ಮ್ಯಾಮತ್ ಯಾವಾಗ ಅಳಿಯಿತು, ಯಾಕೆ ಅಳಿಯಿತು,
ಇಸವಿ ಸಮೇತ ನನಗೆ ಗೊತ್ತಿದೆ.
ತಲೆಯಾಡಿಸಿದೆ.
ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟೆ.

ರಾತ್ರಿ ನದಿಯ ಕಡೆ ಮಂಜುಗಡ್ಡೆ ಬಿರಿದ ಸದ್ದು,
ಈ ದಂಡೆಯಿಂದ ಆ ದಂಡೆಗೆ ಒಂದೇ ಗೆರೆ ಎಳೆದ ಹಾಗೆ.
ಚಳಿ ಏರಿದರೆ ಹಾಗಾಗುತ್ತದೆ, ಕಾರಣ ನಾನೇ ಪಾಠ ಮಾಡಿದ್ದೇನೆ.
ಊರಿನಲ್ಲಿ ಇನ್ನೊಂದು ಕಿಟಕಿಗೆ ದೀಪ ಹತ್ತಿತು.
ಯಾರ ಮನೆಯೆಂದು ನೋಡಬೇಕಾಗಿರಲಿಲ್ಲ.

ಮೇಜಿನ ಮೇಲೆ ಅವನ ಹಾಳೆ ಹಾಗೇ ಇದೆ.
ಮೂರಕ್ಕೆ ಸರಿ ಹಾಕಿದ್ದೇನೆ.
ಒಟ್ಟು, ಇನ್ನೂ ಕೂಡಿಲ್ಲ.