ಐದರಲ್ಲಿ ಎಂಟು

ಐದರಾಗ ಎಂಟು ಹೋಗಂಗಿಲ್ಲ ಮಿಸ್
ಎಂದಳು ಮುಬೀನಾ ಹಲಗೆಯ ಮುಂದೆ,
ಕಿರಾಣಿ ಅಂಗಡಿ ಬಾಗಿಲು ಹಾಕೈತಿ
ಅನ್ನುವಷ್ಟು ಖಚಿತವಾಗಿ.

ಹೋಗುವುದಿಲ್ಲ, ನಿಜ.
ಎರಡನೇ ಇಯತ್ತೆಯಲ್ಲಿ ನಾವೇ ಕಲಿಸಿದ್ದು:
ಹೋಗದಿದ್ದರೆ ಪಕ್ಕದ ಮನೆಯಿಂದ ಒಂದು ಹತ್ತು ಕಡ ತಾ.
ಇಲ್ಲಿ ಪಕ್ಕದ ಮನೆಯೇ ಇಲ್ಲ.
ಬರೀ ಐದು, ಒಂಟಿ,
ಬೆನ್ನ ಹಿಂದೆ ಸೊನ್ನೆಯ ಗೋಡೆ.

ರೇಖೆ ಎಳೆದೆ. ಕಪ್ಪೆ ಬರೆದು
ಬಲಕ್ಕೆ ಎಡಕ್ಕೆ ಕುಪ್ಪಳಿಸಿದೆ.
ಎಂಟನೇ ಬಿ ವಿಭಾಗ ಕಪ್ಪೆಗೆ ನಕ್ಕಿತು,
ಲೆಕ್ಕಕ್ಕೆ ಸುಮ್ಮನಾಯಿತು.
'ಕಳೆಯುವುದೆಂದರೆ ಋಣವನ್ನು ಕೂಡುವುದು'
ಎಂದು ಬರೆದು ಎರಡು ಅಡಿಗೆರೆ ಹಾಕಿದೆ.
ಇಪ್ಪತ್ತೆರಡು ವರ್ಷದಿಂದ ಬರೆಯುತ್ತಿರುವ ವಾಕ್ಯ;
ನನ್ನ ನಾಲಿಗೆಗೂ ಅದರ ಉಪ್ಪು ಹತ್ತಿರಲಿಲ್ಲ.

ಆಮೇಲೆ ಮೂರು ದಿನ ಅವಳು ಬರಲಿಲ್ಲ.
ಹಾಜರಿ ಪುಸ್ತಕದಲ್ಲಿ ಮೂರು ಅಡ್ಡಗೆರೆ ಎಳೆದೆ.

ಶನಿವಾರ ಬೆಳಗಿನ ಶಾಲೆ ಮುಗಿಸಿ
ಹುಡುಕುತ್ತ ಹೋದೆ ಮಂಡಕ್ಕಿ ಭಟ್ಟಿಯ ಕಡೆ.
ದಾವಣಗೆರೆಯಲ್ಲಿ ಆ ದಾರಿ ಕೇಳಬೇಕಿಲ್ಲ,
ಹೊಗೆಯೇ ಕೈಹಿಡಿದು ಕರೆದೊಯ್ಯುತ್ತದೆ.
ಕಾದ ಮರಳಲ್ಲಿ ಅಕ್ಕಿ ಚಟಚಟ ಅರಳಿ
ಜರಡಿಗೆ ಬಿದ್ದು, ಮರಳು ಕೆಳಗೆ, ಬೆಳ್ಳಗಿನದು ಮೇಲೆ.
ಅವಳ ಅಮ್ಮಿ ಖೈರುನ್‌ಬೀ ಬಟವಾಡೆಗೆ ಕೂತಿದ್ದಳು;
ಮುಬೀನಾ ಪಕ್ಕದಲ್ಲಿ, ರೆಪ್ಪೆಯ ಮೇಲೆ ಬೂದಿ.
ತಮ್ಮನಿಗೆ ಜ್ವರ ಇತ್ತು ಮಿಸ್. ಇಳಿದೈತಿ.

ಗುಮಾಸ್ತ ಹಾಲೇಶಪ್ಪನ ಪುಸ್ತಕಕ್ಕೆ ಕೆಂಪು ರಟ್ಟು,
ಆಳಿಗೊಂದು ಪುಟ, ಪುಟಕ್ಕೊಂದೇ ಸಾಲು.
ಸೋಮವಾರ ಮುನ್ನೂರು
ಮಂಗಳವಾರ ಮುನ್ನೂರು
ಬುಧವಾರ, ಔಷಧಕ್ಕೆ ಇಸಗೊಂಡದ್ದು,
ಮುಂದೊಂದು ಅಡ್ಡಗೆರೆ, ಐನೂರು
ಗುರುವಾರ ಮುನ್ನೂರು
ಶುಕ್ರವಾರ ಮುನ್ನೂರು.

ದುಡಿದದ್ದೂ ಇಸಗೊಂಡದ್ದೂ ಒಂದರಾಗೇನಾ? ಎಂದೆ.
ಹಾಲೇಶಪ್ಪ ಕನ್ನಡಕದ ಮೇಲಿಂದ ನೋಡಿದ:
ನಾನು ಕಳೆಯಂಗೇ ಇಲ್ರೀ ಮೇಡಂ.
ಬಂದದ್ದು ಬರಕಂತೀನಿ, ಕಡೀಗೆ ಎಲ್ಲಾ ಕೂಡ್ತೀನಿ.
ಗೆರೆ ಇದ್ದದ್ದು ತಾನೇ ಹಿಂದಕ್ಕೆ ಎಳೀತೈತಿ.

ಅಷ್ಟರಲ್ಲಿ ಮುಬೀನಾಳ ಬೆರಳು ಪುಟದ ಮೇಲೆ.
ಮೇಲಿಂದಲ್ಲ, ನಡುವಿಂದ, ಗೆರೆಯಿಂದಲೇ ಶುರು:
ಐನೂರು ಬಾಕಿ. ಇನ್ನೂರು ಬಾಕಿ.
ನೂರು ಕೈಗೆ. ನಾನೂರು. ಏಳುನೂರು.

ಗೋಡೆ ದಾಟಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.
ಬಾಗಿಲಿದ್ದ ಹಾಗೆ ಹೊರಗಿಂದ ಒಳಗೆ ಬಂದಳು,
ಚಪ್ಪಲಿ ಕೂಡ ಬಿಡದೆ.

ನಾನು ನಿಂತಲ್ಲೇ ಎಣಿಸಿದೆ.
ಕಳೆ ಎಂಬುದು ಕ್ರಿಯಾಪದ:
ಒಬ್ಬರು ಕೀಳಬೇಕು, ಒಬ್ಬರು ಕಳಕೊಳ್ಳಬೇಕು,
ಯಾರು ಮೊದಲು ಎಂಬ ಜಗಳ ಬೇರೆ.
ಋಣ ಎಂಬುದು ನಾಮಪದ.
ಅದಕ್ಕೆ ಕೂರಲು ಜಾಗ ಸಾಕು;
ಸಾಲಿನ ಮೊದಲಲ್ಲೋ ಕೊನೆಯಲ್ಲೋ
ಗೆರೆಯನ್ನು ಮೈಗೆ ಹೊಲಿದುಕೊಂಡು ಬಂದರೆ
ಯಾವ ಪಂಕ್ತಿಯಲ್ಲೂ ಎಲೆ ಹಾಕುತ್ತಾರೆ.

ಕಾಕಾ, ಹ್ವಾದ ವಾರ ಅಮ್ಮಿ ನೂರು ಇಸಗೊಂಡೇ ಇಲ್ಲ,
ನೀವು ಬರದೀರಿ.
ಹಾಲೇಶಪ್ಪ ಹಿಂದಿನ ಪುಟ ತಿರುವಿದ, ಕೆಮ್ಮಿದ, ಒಪ್ಪಿದ.
ಅಳಿಸಲಿಲ್ಲ. ಖಾತೆಯಲ್ಲಿ ಅಳಿಸುವ ಪದ್ಧತಿಯಿಲ್ಲವಂತೆ.
ಶುಕ್ರವಾರದ ಕೆಳಗೆ, ಗೆರೆಯಿಲ್ಲದೆ, ಬರೆದ: ನೂರು.
ನನ್ನ ಮುಂದಿನ ವಾರದ ಪಾಠ
ಅರ್ಧ ನಿಮಿಷದಲ್ಲಿ ಮುಗಿದುಹೋಯಿತು.

ಸೋಮವಾರ ಮುಬೀನಾ ಬಂದಳು.
ಐದು, ಅದರ ಪಕ್ಕ ಗೆರೆ ಹೊತ್ತ ಎಂಟು;
ಕೂಡಿ, ಗೆರೆ ಹೊತ್ತ ಮೂರು ಎಂದು ಬರೆದಳು,
ಕಡ್ಡಿಯ ಪುಡಿ ಊದಿ ಕೇಳಿದಳು:
ಹಂಗಾದ್ರ ಮಿಸ್, ಕಳೆಯೋದು ಅಂತ
ಬೇರೆ ಪಾಠ ಯಾಕ ಇಟ್ಟಾರ?

ಏನೋ ಹೇಳಿದೆ. ಅವಳು ನಂಬಲಿಲ್ಲ.

ರಾತ್ರಿ ಮನೆ ಖರ್ಚಿನ ಪುಸ್ತಕ ತೆಗೆದೆ.
ಹಾಲು, ಗ್ಯಾಸು, ಬಸ್ ಪಾಸು.
ಭಟ್ಟಿಯಲ್ಲಿ ಖೈರುನ್‌ಬೀ ಚೀಲಕ್ಕೆ ಸುರಿದದ್ದಕ್ಕೆ
ದುಡ್ಡು ಎಷ್ಟು ಹೇಳಿದರೂ ಹಿಡಿದಿರಲಿಲ್ಲ.
ಕೊನೆಯಲ್ಲೊಂದು ಅಡ್ಡಗೆರೆ ಎಳೆದು ಬರೆದೆ:
ಮಂಡಕ್ಕಿ, ಎರಡು ಸೇರು.