ಅಳತೆ ಪುಸ್ತಕದ ಹಿಂಬದಿ

ಮುಂದಿನ ಪುಟಗಳಲ್ಲಿ ಊರ ಹೆಂಗಸರ
ಎದೆ, ಸೊಂಟ, ತೋಳು, ಕುತ್ತಿಗೆಯ ಗುಟ್ಟು.
ಪುಸ್ತಕ ತಿರುಗಿಸಿ ಹಿಂದಿನಿಂದ ತೆರೆದರೆ
ನನ್ನ ಮಗ ಧನ್ವಿತ್, ವರ್ಷ ನಾಲ್ಕೂವರೆ.
ಬಾಬಿನ್ ಸುತ್ತಿ ಮುಗಿಯುವಷ್ಟು ಹೊತ್ತಿನಲ್ಲಿ
ಗೀಚಿದ್ದು. ಅಕ್ಷರ ಚೆಂದ ಇಲ್ಲ.

•

ಟೇಪು ಕಾಣೆ. ಮಷಿನಿನ ಅಡಿ ನೋಡಿದೆ,
ನನ್ನ ಕುತ್ತಿಗೆಯನ್ನೇ ನಾಲ್ಕು ಸಲ ಮುಟ್ಟಿ ನೋಡಿದೆ.
ಅವನು ಅತ್ತೆಯ ಚಾಪೆಯ ಬದಿಗೆ ಮಂಡಿಯೂರಿ
ಅವರ ಮೂಗಿನಿಂದ ಹೊರಟು
ಗೊರಕೆ ಮುಗಿಯುವ ಜಾಗದ ತನಕ ಹಿಡಿದಿದ್ದಾನೆ.
"ಅಜ್ಜಿಯ ನಿದ್ದೆ ಮೂವತ್ತೆರಡು. ಬರ್ಕೋ ಅಮ್ಮ."
ಬರೆದುಕೊಂಡೆ.

ಬೆಕ್ಕಿನ ಬಾಲ ಹನ್ನೊಂದು, ಸಿಟ್ಟು ಬಂದಾಗ ಹದಿಮೂರು.
ದೋಸೆ ಒಂಬತ್ತು, ಕಚ್ಚಿದ ಮೇಲೆ ಏಳು.
ಕುಂಬಳೆ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ಸಿಗೆ
ಕಿಟಕಿಯಿಂದ ಟೇಪು ಚಾಚಿ ಬೈಗುಳ:
"ಅಳತೆ ಕೊಡುವಾಗ ಹೀಗೆ ಓಡಿದರೆ
ಆಮೇಲೆ ಬಿಗಿ ಆಯ್ತು ಅಂತ ಬರಬಾರದು!"

•

ಅಂಗನವಾಡಿಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ,
ಅತ್ತೆಗೆ ರೇಗಿದರೆ ತುಳು.
ಅಂಗನವಾಡಿಯ ಪಟ್ಟಿ ಬೊಗಳುತ್ತದೆ,
ನನ್ನ ಪಟ್ಟಿಗೆ ಹುಕ್ಕು.
ಪುಷ್ಪಲತಾ ಟೀಚರಿಗೆ ನಾನು ಹೇಳುತ್ತಿದ್ದೆ:
"ಬೆನ್ನಿಗೊಂದು ಪಟ್ಟಿ ಇಡ್ತೇನೆ, ಸಪೂರ ಕಾಣ್ತದೆ."
ಇವನ ಕಣ್ಣು ಅಗಲ.
"ಟೀಚರ್ ಬೆನ್ನಿಗಾ? ಕಚ್ಚುವುದಿಲ್ಲವಾ?"
ಯಾರೂ ಉತ್ತರ ಕೊಡಲಿಲ್ಲ, ನಗುತ್ತಿದ್ದೆವು.
ಅಷ್ಟರಲ್ಲಿ ಅಂಗಳಕ್ಕೆ ಇಳಿದವನು
ಮೀನಿನಂಗಡಿಯ ಕಂದು ನಾಯಿಯನ್ನು
ಎರಡು ಕಿವಿ ಹಿಡಿದು ಒಳಗೆ ತಂದ.
"ಇದು ಕಚ್ಚುವುದಿಲ್ಲ. ಇದನ್ನೇ ಹೊಲಿ."

•

ಪಕ್ಕದ ಮನೆಯ ಸುಹರಾತ್ತನ ಪತ್ತಿರಿ.
ಇವನು "ಮತ್ತೆ" ಅನ್ನುತ್ತಾನೆ, ಇನ್ನೊಂದು ಬರಲಿ ಅಂತ.
ಅವರ ಕಿವಿಗೆ ಅದು "ಮತಿ", ಸಾಕು.
ತಟ್ಟೆ ಎತ್ತಿಬಿಡುತ್ತಾರೆ.
"ಬೇಕು ಅಂದಷ್ಟೂ ಒಳಗಿಡ್ತಾರೆ" ಅಂತ ಅತ್ತುಕೊಂಡು ಬಂದ.
ಮಾರನೆಯ ದಿನ ಹೋದವನು ಬಹಳ ಹೊತ್ತು ಬರಲಿಲ್ಲ.
ಬಂದಾಗ ಗಲ್ಲ ತುಂಬ ತೆಂಗಿನಹಾಲು:
"ಬೇಡ ಅಂದರೆ ಎರಡು ಸಿಗ್ತದೆ ಅಮ್ಮ!"

•

ಮದುವೆಗೆ ಹೋಗುವ ಬಸ್ಸು ತಲಪಾಡಿ ದಾಟುವಾಗ
"ಇಲ್ಲಿಗೆ ಕೇರಳ ಮುಗಿಯಿತು" ಅಂದೆ.
ಅರ್ಧ ದೇಹ ಕಿಟಕಿಯ ಹೊರಗೆ ಹಾಕಿ ನೋಡಿದ.
"ಗೆರೆ ಎಲ್ಲಿ? ಚಾಕ್ ಹಾಕದೆ ಕತ್ತರಿಸಿದರಾ?"
ನಿಮ್ಮ ಶಾಲೆಯಲ್ಲಿ ಕಲಿತರೆ ಹೇಳ್ತಾರೆ ಅಂತ ಜಾರಿಕೊಂಡೆ.

ಮನೆಗೆ ಬಂದವನೇ ನನ್ನ ನೀಲಿ ಚಾಕು ಕದ್ದು
ನಡುಮನೆಯ ಕೆಂಪು ನೆಲಕ್ಕೆ ಗೋಡೆಯಿಂದ ಗೋಡೆಗೆ
ಒಂದು ಗೆರೆ. ನೆಟ್ಟಗೇ ಇತ್ತು, ಸುಳ್ಳು ಹೇಳಬಾರದು.
ಅಡಿಗೆಮನೆ, ಬಚ್ಚಲು, ಕಕ್ಕಸು ಕೇರಳ.
ಹೊಲಿಗೆ ಮಷಿನು, ಟಿವಿ, ಅವನು ಕರ್ನಾಟಕ.
ಗೆರೆಯ ಮೇಲೆ ಚಾಪೆ ಹಾಸಿದ ಅಜ್ಜಿ ಚೆಕ್‌ಪೋಸ್ಟು.
ಚಾ ಮಾಡಲು ಹೋಗುವುದಕ್ಕೆ ಟಿಕೆಟು ಒಂದು ಗುಂಡಿ,
ಕೋಟಿನ ಗುಂಡಿ ಕೊಟ್ಟರೆ ಚಿಲ್ಲರೆ ಎರಡು ಹುಕ್ಕು.
ರಾತ್ರಿ ರೈಲಿಳಿದು ಬಂದ ಅವನಪ್ಪ
ಗೊತ್ತಿಲ್ಲದೆ ದಾಟಿ ಎರಡು ಸಲ ದಂಡ ಕಟ್ಟಿದರು.

ಮಾರನೆಯ ದಿನ, ಮಧ್ಯಾಹ್ನ. ಚೆಕ್‌ಪೋಸ್ಟಿಗೆ ಗಾಢ ನಿದ್ದೆ.
ಗೆರೆಯ ಈಚೆ ಇವನು ಒಂದು ಕಾಲಲ್ಲಿ ಕುಣಿಯುತ್ತಾ
"ಅಜ್ಜೀ ಏಳು, ಅರ್ಜೆಂಟು, ನನ್ನನ್ನು ಬಿಡು!"
"ದಾಟು ಮಗಾ, ಯಾರು ನೋಡ್ತಾರೆ?" ಅಂದೆ.
"ಟಿಕೆಟ್ ಇಲ್ಲ!"
ಗುಂಡಿಯ ಡಬ್ಬ ನನ್ನ ಕೈಗೆ ಸಿಗುವಷ್ಟರಲ್ಲಿ
ತಡವಾಗಿತ್ತು.

ಕರ್ನಾಟಕದಲ್ಲಿ ಹುಟ್ಟಿದ್ದು ಸಣ್ಣಗೆ ಹರಿದು
ನೀಲಿ ಗೆರೆಯನ್ನು ನೆನೆಸಿ, ಅಳಿಸಿ,
ಚಾಪೆಯ ಅಡಿಯಿಂದ ನುಸುಳಿ
ಬಚ್ಚಲ ಇಳಿಜಾರು ಹಿಡಿದು ಕೇರಳ ಸೇರಿತು.
ಬೆನ್ನು ತಣ್ಣಗಾಗಿ ಎದ್ದ ಅತ್ತೆ
ತುಳುವಿನಲ್ಲಿ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ,
ಗಿರಾಕಿಗಳು ಪುಟ ತಿರುಗಿಸುವುದುಂಟು.

ಚಡ್ಡಿ ಬದಲಿಸಲು ಹಿಡಿದ ನನ್ನ ಕೈಯಿಂದ ನುಣುಚಿ
ಅವನು ಟೇಪು ಎಳೆದು ತಂದ.
ಒದ್ದೆ ನೆಲದ ಈ ತುದಿ, ಆ ತುದಿ.
"ನಲವತ್ತಾರು. ಬರ್ಕೋ ಅಮ್ಮ."